ಕಡಿಮೆ ದುಡ್ಡಿನಲ್ಲಿ ಕಾರ್ಡ್ ಗೇಮ್: ಯಾವ ಬಾಕ್ಸ್ ಕೊಳ್ಳಬೇಕು, ಯಾವುದು ಬೇಡ

ಕಾರ್ಡ್ ಗೇಮ್‌ನ ರುಚಿ ಹತ್ತಿದವರು ಮೊದಲು ಕೈ ಹಾಕುವುದು ಬೂಸ್ಟರ್ ಪ್ಯಾಕ್‌ಗೆ, ಅಂದರೆ ಒಳಗೆ ಯಾವ ಎಲೆಗಳಿವೆ ಎಂದು ಒಡೆಯುವವರೆಗೆ ತಿಳಿಯದ ಸಣ್ಣ ಪೊಟ್ಟಣಕ್ಕೆ. ಬಿಡಿಯಾಗಿ ನೋಡಿದರೆ ಅಗ್ಗ, ಒಡೆಯುವಾಗ ಒಳಗೇನಿದೆಯೋ ಎಂಬ ಕುತೂಹಲ ಬೇರೆ. ಹತ್ತು ಪ್ಯಾಕ್ ಒಡೆದ ಮೇಲೆ ಮೇಜಿನ ತುಂಬ ಎಲೆಗಳು ಬಿದ್ದಿರುತ್ತವೆ, ಆಡಲು ಮಾತ್ರ ಒಂದು ನೆಟ್ಟಗಿನ ಡೆಕ್, ಅಂದರೆ ಒಬ್ಬರ ಆಟಕ್ಕೆಂದು ಜೋಡಿಸಿದ ಎಲೆಗಳ ಗುಂಪು, ಇರುವುದಿಲ್ಲ. ಎದುರಿಗೆ ಕೂರುವವರ ಕೈಯಂತೂ ಖಾಲಿಯೇ. ಮನೆಯಲ್ಲಿ, ಗೆಳೆಯರ ನಡುವೆ, ಟೂರ್ನಮೆಂಟ್ ಗೊಡವೆಯಿಲ್ಲದೆ ಆಡುವವರು ಯಾವ ಪೆಟ್ಟಿಗೆ ಕೊಂಡರೂ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಇದನ್ನು ಒಡೆದ ದಿನವೇ ಮೇಜಿನ ಎರಡೂ ಬದಿಯಲ್ಲಿ ಕೂತು ಸಮಸಮ ಆಡಲು ಆಗುತ್ತದೆಯೇ? ಮ್ಯಾಜಿಕ್: ದ ಗ್ಯಾದರಿಂಗ್, ಪೋಕೆಮಾನ್, ಯು-ಗಿ-ಓ ಈ ಮೂರರ ಆರಂಭದ ಬಾಕ್ಸ್‌ಗಳನ್ನು ಇಲ್ಲಿ ಆ ಒಂದು ಅಳತೆಗೋಲಿಟ್ಟು ನೋಡಲಾಗಿದೆ.

ಬೂಸ್ಟರ್ ವಿಷಯ ಮೊದಲು ಮುಗಿಸಿಬಿಡೋಣ. ಮ್ಯಾಜಿಕ್‌ನಲ್ಲಿ 2024ರಿಂದ ಬರುತ್ತಿರುವ ಪ್ಲೇ ಬೂಸ್ಟರ್‌ನಲ್ಲಿ 14 ಆಡುವ ಎಲೆಗಳಿರುತ್ತವೆ. ಅದರಲ್ಲಿ 3 ಅನ್‌ಕಾಮನ್ (ಹೇರಳವಾಗಿ ಸಿಗುವ ಕಾಮನ್‌ಗಿಂತ ಅಪರೂಪದ ಎಲೆಗಳು) ಖಚಿತ. ಯಾವ ದರ್ಜೆಯ ಎಲೆಯೂ ಬರಬಹುದಾದ ವೈಲ್ಡ್‌ಕಾರ್ಡ್ ಜಾಗದಲ್ಲಿ ಇನ್ನೊಂದು ಸಿಕ್ಕಿತು ಎಂದೇ ಉದಾರವಾಗಿ ಲೆಕ್ಕ ಹಾಕಿ, ಪ್ಯಾಕ್‌ಗೆ 4. ಸೆಟ್‌ನಲ್ಲಿ, ಅಂದರೆ ಒಟ್ಟಿಗೆ ಬಿಡುಗಡೆಯಾದ ಎಲೆಗಳ ಸರಣಿಯಲ್ಲಿ, 100 ಅನ್‌ಕಾಮನ್ ಇವೆ ಎಂದುಕೊಂಡರೆ ನಿಮಗೆ ಬೇಕಾದ ಒಂದೇ ಒಂದು ಎಲೆ ಸಿಗಲು ಸರಾಸರಿ 25 ಪ್ಯಾಕ್ ಒಡೆಯಬೇಕು. ಅದರದ್ದೇ ನಾಲ್ಕು ಪ್ರತಿ ಬೇಕೆಂದರೆ 100 ಪ್ಯಾಕ್. ನಾಲ್ಕೇಕೆ ಎಂದರೆ, 60 ಎಲೆಗಳ ಡೆಕ್‌ನಲ್ಲಿ ಒಂದೇ ಪ್ರತಿ ಇದ್ದರೆ ಮೊದಲ 7 ಎಲೆಗಳಲ್ಲಿ ಅದು ಬರುವ ಸಾಧ್ಯತೆ ಶೇ. 12ರಷ್ಟು, ನಾಲ್ಕಿದ್ದರೆ ಶೇ. 40. ಡೆಕ್ ತನ್ನ ಕೆಲಸ ಮಾಡುವುದು ಈ ವ್ಯತ್ಯಾಸದಿಂದ. ಅದೇ ಅನ್‌ಕಾಮನ್‌ಗಳು ಬಿಡಿ ಎಲೆಗಳಾಗಿ, ಅಂದರೆ ಸಿಂಗಲ್ಸ್ ಆಗಿ, ಹೆಚ್ಚಿನ ಸಲ ಒಂದು ಪ್ಯಾಕ್‌ನ ಬೆಲೆಗಿಂತ ಕಡಿಮೆಗೇ ಸಿಗುತ್ತವೆ. ಬೂಸ್ಟರ್‌ಗೆ ಅರ್ಥ ಬರುವುದು ಡ್ರಾಫ್ಟ್ ಆಡುವಾಗ. ತಲೆಗೆ 3 ಪ್ಯಾಕ್ ಒಡೆದು, ಒಂದೊಂದೇ ಎಲೆ ಆರಿಸಿ ಪಕ್ಕದವರಿಗೆ ದಾಟಿಸುತ್ತಾ ಹೋಗುವ ಆಟಕ್ಕಾಗಿಯೇ ಅದನ್ನು ರೂಪಿಸಿದ್ದು. ಡೆಕ್ ಕಟ್ಟಲು ಬೂಸ್ಟರ್ ಕೊಳ್ಳಬೇಡಿ.

ಮ್ಯಾಜಿಕ್ ಫೌಂಡೇಷನ್ಸ್ ಬಿಗಿನರ್ ಬಾಕ್ಸ್

2024ರ ನವೆಂಬರ್‌ನಲ್ಲಿ ಬಂದ ಈ ಬಾಕ್ಸ್ ಕಡಿಮೆ ದುಡ್ಡಿನ ಆಟಕ್ಕೆ ಇವತ್ತಿನ ಮಟ್ಟಿಗೆ ಅತ್ಯುತ್ತಮ ಆರಂಭ. ಒಳಗೆ 20 ಎಲೆಗಳ 10 ಕಟ್ಟುಗಳಿವೆ, ಮ್ಯಾಜಿಕ್‌ನ ಐದು ಬಣ್ಣಗಳಲ್ಲಿ ಪ್ರತಿಯೊಂದಕ್ಕೂ ಎರಡರಂತೆ. ಯಾವುದಾದರೂ ಎರಡು ಕಟ್ಟು ತೆಗೆದುಕೊಂಡು ಒಟ್ಟಿಗೆ ಕಲೆಸಿದರೆ 40 ಎಲೆಗಳ ಡೆಕ್ ಸಿದ್ಧ. ತನ್ನ ಬಣ್ಣದ ಎಲೆ ಆಡಲು ಬೇಕಾದ ಶಕ್ತಿ (ಮಾನಾ) ಕೊಡುವ ಲ್ಯಾಂಡ್ ಎಲೆಗಳೂ ಕಟ್ಟಿನಲ್ಲೇ ಇರುವುದರಿಂದ ಹೊರಗಿನಿಂದ ಏನನ್ನೂ ತರಬೇಕಿಲ್ಲ. ಇಬ್ಬರು ಎರಡೆರಡು ಕಟ್ಟು ಆರಿಸಿಕೊಂಡರೆ ಆಗಬಹುದಾದ ಬೇರೆ ಬೇರೆ ಜೋಡಿಗಳು 630. ನಾಲ್ವರು ಕೂತರೂ 8 ಕಟ್ಟು ಸಾಕು, ಇನ್ನೂ ಎರಡು ಮಿಗುತ್ತವೆ. ಒಂದೇ ಪೆಟ್ಟಿಗೆಯಿಂದ ನಾಲ್ವರ ಮೇಜು ತುಂಬುವ ಇನ್ನೊಂದು ಸರಕು ಮ್ಯಾಜಿಕ್‌ನಲ್ಲಿ ಸುಲಭಕ್ಕೆ ಸಿಗದು.

ಕಲಿಸಲೆಂದೇ ಇಟ್ಟಿರುವ ಎರಡು ಕಟ್ಟುಗಳು ಬೆಕ್ಕು ಮತ್ತು ವ್ಯಾಂಪೈರ್. ಇವುಗಳ ಎಲೆಗಳನ್ನು ಮೊದಲೇ ಒಂದು ಕ್ರಮದಲ್ಲಿ ಜೋಡಿಸಿರುತ್ತಾರೆ. ಜೊತೆಗಿರುವ ಪುಸ್ತಿಕೆ ಈ ಸರದಿಯಲ್ಲಿ ಇದನ್ನು ಆಡಿ, ಮುಂದಿನದರಲ್ಲಿ ಇದರಿಂದ ದಾಳಿ ಮಾಡಿ ಎಂದು ಹೆಜ್ಜೆ ಹೆಜ್ಜೆಗೂ ಕೈ ಹಿಡಿದು ನಡೆಸುತ್ತದೆ. ಇಲ್ಲಿ ಎಡವುವುದು ಇಸ್ಪೀಟು ಆಡಿ ರೂಢಿ ಇರುವವರು. ಕಟ್ಟು ಬಿಚ್ಚಿದ ಕೂಡಲೇ ಕೈ ತಾನಾಗಿ ಕಲೆಸಲು ಹೋಗುತ್ತದೆ. ಒಮ್ಮೆ ಕಲೆಸಿದರೆ ಪುಸ್ತಿಕೆ ಹೇಳುವುದೇ ಒಂದು, ಕೈಗೆ ಬರುವುದೇ ಇನ್ನೊಂದು. ಮೊದಲ ಪಾಠದ ಆಟ ಮುಗಿಯುವವರೆಗೆ ಆ ಎರಡು ಕಟ್ಟುಗಳನ್ನು ಇದ್ದ ಹಾಗೆಯೇ ಬಿಡಿ.

ಎರಡನೆಯ ತೊಂದರೆ ಆಟ ಮುಗಿದ ಮೇಲೆ ಬರುತ್ತದೆ. ಎರಡು ಕಟ್ಟುಗಳನ್ನು ಕಲೆಸಿ ಆಡಿದ ಮೇಲೆ ಮತ್ತೆ ಬೇರ್ಪಡಿಸಬೇಕು. ಕೆಂಪು ಮತ್ತು ಹಸಿರಾದರೆ ಬಣ್ಣ ನೋಡಿಯೇ ವಿಂಗಡಿಸಬಹುದು. ಒಂದೇ ಬಣ್ಣದ ಎರಡು ಕಟ್ಟುಗಳನ್ನು ಸೇರಿಸಿದರೆ ಯಾವ ಎಲೆ ಯಾವ ಕಟ್ಟಿನದು ಎಂದು ಗೊತ್ತಾಗದೆ ಅರ್ಧ ಗಂಟೆ ಹೋಗುತ್ತದೆ. ಕಲೆಸುವ ಮೊದಲು ಪ್ರತಿ ಕಟ್ಟನ್ನೂ ಮೇಜಿನ ಮೇಲೆ ಹರಡಿ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎಲೆಯ ಬೆನ್ನಿಗೆ ಪೆನ್ಸಿಲ್ ಗುರುತು ಹಾಕುವ ಯೋಚನೆ ಬೇಡವೇ ಬೇಡ, ಮುಂದಿನ ಎಲೆ ಯಾವುದೆಂದು ಎದುರಾಳಿಗೆ ತಿಳಿದುಹೋಗುತ್ತದೆ.

ದೋಷಗಳೂ ಇವೆ. ಹೆಚ್ಚಿನ ಎಲೆಗಳು ಒಂದೊಂದೇ ಪ್ರತಿ ಇರುವುದರಿಂದ ಡೆಕ್‌ಗೆ ಗಟ್ಟಿಯಾದ ಗುರಿ ಇರುವುದಿಲ್ಲ, ಆಟ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಮನೆಯಾಟಕ್ಕೆ ಇದು ಒಳ್ಳೆಯದೇ ಎಂಬುದು ನನ್ನ ಎಣಿಕೆ, ಯಾರ ಕೈಯೂ ಸದಾ ಮೇಲಾಗುವುದಿಲ್ಲ. ಎರಡು ಬಣ್ಣದ ಲ್ಯಾಂಡ್‌ಗಳು ಅರ್ಧಂಬರ್ಧ ಬರುವುದರಿಂದ ಕೈಯಲ್ಲಿ ಕೆಂಪು ಎಲೆಗಳು, ಮೇಜಿನ ಮೇಲೆ ಬರೀ ಕಪ್ಪು ಲ್ಯಾಂಡ್ ಎಂಬ ಪರಿಸ್ಥಿತಿ ಆಗಾಗ ಬರುತ್ತದೆ. ಅದಕ್ಕೆ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ: ಮೊದಲ ಮಲ್ಲಿಗನ್ ಪುಕ್ಕಟೆ, ಅಂದರೆ ಕೈ ಕೆಟ್ಟದಾಗಿ ಬಂದರೆ ಒಂದು ಸಲ 7 ಎಲೆಗಳನ್ನೂ ವಾಪಸು ಹಾಕಿ ಮತ್ತೆ 7 ತೆಗೆದುಕೊಳ್ಳಬಹುದು. ಎರಡನೆಯ ಸಲ ನಿಯಮದ ಪ್ರಕಾರ 7 ಎಳೆದು, ಒಂದನ್ನು ಡೆಕ್‌ನ ತಳಕ್ಕೆ ಸೇರಿಸಿ.

ಇದಕ್ಕಿಂತ ಅಗ್ಗದ್ದು ಸ್ಟಾರ್ಟರ್ ಕಿಟ್. 60 ಎಲೆಗಳ ಎರಡು ಸಿದ್ಧ ಡೆಕ್. ಸಮತೂಕ ಚೆನ್ನಾಗಿಯೇ ಇರುತ್ತದೆ, ಆದರೆ ಜೋಡಿ ಒಂದೇ. ಹತ್ತು ಹದಿನೈದು ಆಟಗಳಲ್ಲಿ ಎದುರಿನ ಡೆಕ್‌ನ ಪ್ರತಿ ಎಲೆಯೂ ಬಾಯಿಪಾಠವಾಗುತ್ತದೆ. ಮ್ಯಾಜಿಕ್ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಮಾತ್ರ ಇದು. ಆ ಅನುಮಾನ ನಿವಾರಿಸಿಕೊಳ್ಳಲು ಖರ್ಚೇ ಇಲ್ಲದ ದಾರಿಯೂ ಇದೆ: ಮ್ಯಾಜಿಕ್ ಅರೀನಾ, ಪೋಕೆಮಾನ್ ಟಿಸಿಜಿ ಲೈವ್, ಯು-ಗಿ-ಓ ಮಾಸ್ಟರ್ ಡ್ಯುಯೆಲ್ ಮೂರೂ ಉಚಿತವಾಗಿ ಡೌನ್‌ಲೋಡ್ ಆಗುತ್ತವೆ, ಮೂರರಲ್ಲೂ ಆಟ ಕಲಿಸುವ ಪಾಠಗಳಿವೆ. ಅಲ್ಲಿ ಒಂದು ವಾರ ಆಡಿ, ಆಮೇಲೆ ಕಾಗದದ ಎಲೆಗೆ ದುಡ್ಡು ಹಾಕಿ.

ಪೋಕೆಮಾನ್ ಬ್ಯಾಟಲ್ ಅಕಾಡೆಮಿ

ಚಿಕ್ಕ ಮಕ್ಕಳಿಗೆ ಕಲಿಸಬೇಕಿದ್ದರೆ ಇದನ್ನು ಮೀರಿಸುವ ಪೆಟ್ಟಿಗೆ ಇಲ್ಲ. 2020ರಲ್ಲಿ ಮೊದಲು ಬಂತು, ಆಮೇಲೆ ಹೊಸ ಡೆಕ್‌ಗಳೊಂದಿಗೆ ಮತ್ತೆ ಮತ್ತೆ ಬಂದಿದೆ. 60 ಎಲೆಗಳ ಮೂರು ಡೆಕ್, ಇಬ್ಬರು ಎದುರುಬದುರು ಕೂರುವ ಮಣೆ, ಹಾನಿ ಎಣಿಸುವ ಬಿಲ್ಲೆಗಳು, ನಾಣ್ಯ. ಆಡುವ ಪೋಕೆಮಾನ್ ಎಲ್ಲಿ ನಿಲ್ಲಬೇಕು, ಬೆಂಚಿನ ಐದು ಜಾಗ ಯಾವುವು, ಆರು ಬಹುಮಾನದ ಎಲೆಗಳು ಎಲ್ಲಿ ಎಂಬುದೆಲ್ಲ ಮಣೆಯ ಮೇಲೆಯೇ ಅಚ್ಚಾಗಿರುವುದರಿಂದ ಮಕ್ಕಳು ನಿಯಮ ಪುಸ್ತಕ ಓದದೆಯೂ ಆಟ ಹಿಡಿಯುತ್ತಾರೆ. ಇದರಲ್ಲಿ ತುಂಬ ಮೆಚ್ಚಬೇಕಾದ ಒಂದು ಸಣ್ಣ ವಿಷಯವಿದೆ. ಪ್ರತಿ ಎಲೆಯ ಮೇಲೂ ಅದು ಯಾವ ಡೆಕ್‌ನದು ಎಂಬ ಪುಟ್ಟ ಚಿಹ್ನೆ, ಎಷ್ಟನೆಯದು ಎಂಬ ಸಂಖ್ಯೆ ಮುದ್ರಿಸಿದ್ದಾರೆ. ಮೂರೂ ಡೆಕ್ ನೆಲದ ಮೇಲೆ ಚೆಲ್ಲಾಪಿಲ್ಲಿಯಾದರೂ ಚಿಹ್ನೆ ನೋಡಿ ವಿಂಗಡಿಸಿ, ಸಂಖ್ಯೆ ನೋಡಿ ಜೋಡಿಸಿದರೆ ಪಾಠದ ಕ್ರಮ ಮರಳಿ ಬರುತ್ತದೆ. ಮ್ಯಾಜಿಕ್ ಬಾಕ್ಸ್‌ನವರು ಇದನ್ನು ನೋಡಿ ಕಲಿಯಬೇಕಿತ್ತು.

ಮಿತಿ ಏನೆಂದರೆ, ಡೆಕ್‌ಗಳನ್ನು ಬೇಕೆಂದೇ ಸರಳವಾಗಿ ಇಟ್ಟಿದ್ದಾರೆ. ಮುಂದಿನ ಹೆಜ್ಜೆಗೆ ಎರಡು ದಾರಿ. ಇಎಕ್ಸ್ ಬ್ಯಾಟಲ್ ಡೆಕ್‌ಗಳು ಅಗ್ಗ, ಆದರೆ ತೆಳು. ಬೇಕಾದ ಎಲೆ ಹುಡುಕಿಕೊಡುವ ಟ್ರೇನರ್ ಎಲೆಗಳು ಕಡಿಮೆ. ಲೀಗ್ ಬ್ಯಾಟಲ್ ಡೆಕ್‌ಗೆ ಸ್ವಲ್ಪ ಹೆಚ್ಚು ತೆರಬೇಕು, ಆದರೆ ಅಲ್ಟ್ರಾ ಬಾಲ್, ಬಾಸಸ್ ಆರ್ಡರ್ಸ್ ತರಹದ, ಯಾವ ಡೆಕ್‌ಗೂ ಬೇಕಾಗುವ ಟ್ರೇನರ್ ಎಲೆಗಳು ಅದರಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿ ಬರುತ್ತವೆ. ಪೋಕೆಮಾನ್‌ನಲ್ಲಿ ದುಡ್ಡು ಉಳಿಯುವುದು ಇಲ್ಲೇ. ಆ ಟ್ರೇನರ್ ಎಲೆಗಳನ್ನು ಒಂದು ಕಟ್ಟಾಗಿ ಬೇರೆ ಇಟ್ಟುಕೊಂಡು, ಆಡುವ ಡೆಕ್ ಬದಲಾದಾಗಲೆಲ್ಲ ಅದರೊಳಕ್ಕೆ ಸೇರಿಸುತ್ತಾ ಹೋದರೆ ಹೊಸ ಡೆಕ್‌ಗೆ ಪೋಕೆಮಾನ್ ಎಲೆಗಳನ್ನಷ್ಟೇ ಕೊಂಡರಾಯಿತು. ದಾಳಿಗೆ ಶಕ್ತಿ ಕೊಡುವ ಬೇಸಿಕ್ ಎನರ್ಜಿ ಎಲೆಗಳಿಗೆ ದುಡ್ಡು ಕೊಡಲೇಬೇಡಿ, ಹಳೆ ಆಟಗಾರರ ಬಳಿ ಅವು ರಾಶಿ ರಾಶಿ ಬಿದ್ದಿರುತ್ತವೆ.

ಸ್ವಂತ ಡೆಕ್ ಕಟ್ಟುವಾಗ ಎಲ್ಲರೂ ಮಾಡುವ ತಪ್ಪು ನೇರವಾಗಿ ಮೇಜಿಗಿಳಿಸಬಹುದಾದ ಬೇಸಿಕ್ ಪೋಕೆಮಾನ್‌ಗಳನ್ನು ಕಡಿಮೆ ಹಾಕುವುದು. 60ರಲ್ಲಿ 8 ಬೇಸಿಕ್ ಮಾತ್ರ ಇದ್ದರೆ ಮೊದಲ ಕೈಯಲ್ಲಿ ಒಂದೂ ಇಲ್ಲದಿರುವ ಸಾಧ್ಯತೆ ಶೇ. 35ರ ಹತ್ತಿರ. 12 ಇದ್ದರೆ ಅದು ಶೇ. 19ಕ್ಕೆ ಇಳಿಯುತ್ತದೆ. ಬೇಸಿಕ್ ಬರದಿದ್ದರೆ ಕೈ ತೋರಿಸಿ ಮತ್ತೆ ಕಲೆಸಬೇಕು, ಎದುರಾಳಿಗೆ ಒಂದು ಎಲೆ ಹೆಚ್ಚು ಎಳೆಯುವ ಅವಕಾಶ ಸಿಗುತ್ತದೆ. ಇನ್ನೊಂದು ತಪ್ಪು, ಡೆಕ್ಕಿನ ಜೀವಾಳವಾದ ಎಲೆಯನ್ನು ಒಂದೇ ಪ್ರತಿ ಇಡುವುದು. ಆರು ಎಲೆಗಳು ಬಹುಮಾನವಾಗಿ ಮುಖ ಕೆಳಗಾಗಿ ಹೋಗುತ್ತವೆ, 60ರಲ್ಲಿ 6 ಎಂದರೆ ಹತ್ತು ಆಟಗಳಲ್ಲಿ ಒಂದರಲ್ಲಿ ಆ ಎಲೆ ಅಲ್ಲೇ ಸಿಕ್ಕಿಬಿದ್ದಿರುತ್ತದೆ. ಎರಡು ಪ್ರತಿ ಇಡಿ.

ಹೆಸರು ನೋಡಿ ಮೋಸ ಹೋಗುವ ಸರಕು ಎಲೀಟ್ ಟ್ರೇನರ್ ಬಾಕ್ಸ್. ಹೆಸರಿನಲ್ಲಿ ಟ್ರೇನರ್ ಇರುವುದರಿಂದ ಕಲಿಯುವವರಿಗೆ ಎಂದು ಕೊಂಡು ಉಡುಗೊರೆ ಕೊಡುವವರು ಬಹಳ. ಒಳಗಿರುವುದು ಬೂಸ್ಟರ್ ಪ್ಯಾಕ್‌ಗಳು, 65 ಸ್ಲೀವ್ (ಎಲೆಗೆ ತೊಡಿಸುವ ಪ್ಲಾಸ್ಟಿಕ್ ಕವಚ), ಎನರ್ಜಿ ಎಲೆಗಳು, ದಾಳಗಳು. ಆಡುವ ಡೆಕ್ ಇಲ್ಲ. ಪೆಟ್ಟಿಗೆ ಗಟ್ಟಿಯಾಗಿದೆ, ಎಲೆ ತುಂಬಿಡಲು ಚೆಂದ, ಅಷ್ಟೇ. ಟಿನ್ ಡಬ್ಬಿಗಳದ್ದೂ ಇದೇ ಕತೆ.

ಯು-ಗಿ-ಓ ಸ್ಟ್ರಕ್ಚರ್ ಡೆಕ್

ಒಬ್ಬ ಆಟಗಾರನಿಗೆ ಅತಿ ಕಡಿಮೆ ದುಡ್ಡಿನಲ್ಲಿ ಅತಿ ಬಲವಾದ ಡೆಕ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಉತ್ತರ ಇದೇ. ಇಲ್ಲಿ ಒಂದು ಎಲೆಯ ಗರಿಷ್ಠ ಪ್ರತಿ 3, ಮುಖ್ಯ ಡೆಕ್ 40ರಿಂದ 60. ಸ್ಟ್ರಕ್ಚರ್ ಡೆಕ್ ಎಂಬ ಸಿದ್ಧ ಡೆಕ್‌ನಲ್ಲಿ ಮುಖ್ಯವಾದ ಎಲೆಗಳು ಒಂದೊಂದೇ ಇರುತ್ತವಾದ್ದರಿಂದ ಒಂದೇ ಡೆಕ್‌ನ ಮೂರು ಪ್ರತಿ ಕೊಂಡು, ಬೇಕಾದವನ್ನು ತೆಗೆದು 40ಕ್ಕೆ ಇಳಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. 40 ಎಲೆಗಳಲ್ಲಿ ಮೂರು ಪ್ರತಿ ಇದ್ದರೆ ಮೊದಲ 5 ಎಲೆಗಳಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ. 34, ಒಂದೇ ಇದ್ದರೆ ಶೇ. 12.5. 2023ರ ಕೊನೆಯಲ್ಲಿ ಬಂದ ಫೈರ್ ಕಿಂಗ್ಸ್ ಸ್ಟ್ರಕ್ಚರ್ ಡೆಕ್ ಅನ್ನು ಆಟಗಾರರು ಮೂರು ಮೂರು ಕೊಂಡಿದ್ದು ಇದೇ ಕಾರಣಕ್ಕೆ.

ಆದರೆ ನಮ್ಮ ಅಳತೆಗೋಲಿಗೆ ಇದು ಸೋಲುತ್ತದೆ. ನೀವು ಮೂರು ಸೇರಿಸಿ ಕಟ್ಟಿದ ಡೆಕ್ ತಂದು, ಗೆಳೆಯರು ಒಂದನ್ನು ಬಿಚ್ಚಿ ಹಾಗೇ ಆಡಿದರೆ ಮೂರನೆಯ ಸರದಿಯೊಳಗೆ ಆಟ ಮುಗಿಯುತ್ತದೆ, ಎದುರಿನವರು ಮತ್ತೆ ಮೇಜಿಗೆ ಬರುವುದಿಲ್ಲ. ಮನೆಯಾಟಕ್ಕೆ ಬೇರೆ ಬೇರೆ ಎರಡು ಸ್ಟ್ರಕ್ಚರ್ ಡೆಕ್ ಕೊಂಡು ಒಂದೊಂದನ್ನೇ ಹಾಗೆಯೇ ಆಡಿ. ಹೊಸಬರಾದರೆ 2024ರಲ್ಲಿ ಬಂದ 2-ಪ್ಲೇಯರ್ ಸ್ಟಾರ್ಟರ್ ಸೆಟ್ ಇನ್ನೂ ಮೇಲು, ಎರಡು ಡೆಕ್ ಮತ್ತು ಕಲಿಸುವ ಪುಸ್ತಿಕೆ ಒಂದೇ ಬಾಕ್ಸ್‌ನಲ್ಲಿವೆ. ಈ ಆಟದ ಎಲೆಗಳ ಮೇಲಿನ ಬರಹ ಉದ್ದ, ಅಕ್ಷರ ಸಣ್ಣ. ಒಂದೊಂದು ಪದಕ್ಕೂ ನಿಯಮದ ತೂಕವಿದೆ. ಮೊದಲ ಕೆಲವು ಆಟಗಳು ಓದುವುದರಲ್ಲೇ ಕಳೆಯುತ್ತವೆ ಎಂದು ತಿಳಿದೇ ಕೂರಬೇಕು.

ನಾಲ್ವರು ಸೇರುವ ಮೇಜಿಗೆ ಮ್ಯಾಜಿಕ್‌ನ ಕಮಾಂಡರ್ ಎಂಬ ಪದ್ಧತಿಯ ಸಿದ್ಧ ಡೆಕ್‌ಗಳನ್ನು ಎಲ್ಲರೂ ಸೂಚಿಸುತ್ತಾರೆ. 100 ಎಲೆ, ತಲಾ 40 ಪ್ರಾಣ, ಸರಕು ನಿಜಕ್ಕೂ ಚೆನ್ನ. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಕೊಳ್ಳುವ ಬಳಗವಾದರೆ ಸರಿ. ಒಬ್ಬರೇ ನಾಲ್ವರಿಗೂ ಕೊಳ್ಳುವುದಾದರೆ ಬಿಗಿನರ್ ಬಾಕ್ಸ್‌ನ ಹಲವು ಪಟ್ಟು ಖರ್ಚು, ಒಂದು ಆಟಕ್ಕೆ ಒಂದೂವರೆ ಎರಡು ಗಂಟೆ ಬೇರೆ.

ಕಾಮನ್ ಎಲೆಗಳೇ ಸಾಕು: ಪಾಪರ್

ಆರಂಭದ ಬಾಕ್ಸ್ ಹಳತಾದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಮ್ಯಾಜಿಕ್‌ನಲ್ಲಿ ಒಂದು ಸೊಗಸಾದ ಉತ್ತರವಿದೆ. ಪಾಪರ್ ಎಂಬ ಪದ್ಧತಿಯಲ್ಲಿ ಕಾಮನ್ ಆಗಿ ಅಚ್ಚಾದ ಎಲೆಗಳನ್ನು ಮಾತ್ರ ಬಳಸಬಹುದು. 60 ಎಲೆ, 20 ಪ್ರಾಣ, ಉಳಿದ ನಿಯಮಗಳೆಲ್ಲ ಎಂದಿನವು. 2019ರಿಂದ ಕಾಗದದ ಆಟದಲ್ಲೂ ಇದಕ್ಕೆ ಅಧಿಕೃತ ಮಾನ್ಯತೆ ಇದೆ. ಮೂವತ್ತು ವರ್ಷಗಳಲ್ಲಿ ಬಂದ ಕಾಮನ್‌ಗಳ ರಾಶಿಯಲ್ಲಿ ಅದ್ಭುತ ಎಲೆಗಳಿವೆ, ಬಹುಪಾಲು ಪುಡಿಗಾಸಿಗೆ ಸಿಗುತ್ತವೆ.

ಮೊದಲ ಡೆಕ್ ಆಗಿ ಕೆಂಪು ಬರ್ನ್, ಅಂದರೆ ಎದುರಾಳಿಗೆ ನೇರ ಪೆಟ್ಟು ಕೊಡುವ ಎಲೆಗಳ ಡೆಕ್, ಕಟ್ಟಿ ನೋಡಿ. ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್, ಸ್ಕ್ಯೂವರ್ ದ ಕ್ರಿಟಿಕ್ಸ್ ತಲಾ 4. ಈ 20 ಎಲೆಗಳಲ್ಲಿ ಪ್ರತಿಯೊಂದೂ 3 ಪೆಟ್ಟು ಕೊಡುತ್ತದೆ, ಏಳು ತಗುಲಿದರೆ 21, ಎದುರಾಳಿಯ 20 ಪ್ರಾಣ ಮುಗಿಯಿತು. ಜೊತೆಗೆ ಫೈರ್‌ಬ್ಲಾಸ್ಟ್ 4. ಥರ್ಮೋ-ಆಲ್ಕೆಮಿಸ್ಟ್, ಕೆಲ್ಡನ್ ಮರಾಡರ್ಸ್, ಗಿಟು ಲಾವಾರನ್ನರ್ ತಲಾ 4 ಹಾಕಿದರೆ 36 ಆಯಿತು. ಇನ್ನು 6 ಎಲೆಗಳ ಜಾಗಕ್ಕೆ ನೀಡಲ್ ಡ್ರಾಪ್, ಸಿಯರಿಂಗ್ ಬ್ಲೇಜ್‌ನಂಥ ಅಗ್ಗದ ಕಾಮನ್‌ಗಳು, ಕೊನೆಗೆ ಕೆಂಪು ಬಣ್ಣದ ಲ್ಯಾಂಡ್ ಆದ ಮೌಂಟನ್ 18. ಫೈರ್‌ಬ್ಲಾಸ್ಟ್ ಅನ್ನು ಮಾನಾ ಕೊಡದೆ ಎರಡು ಮೌಂಟನ್ ಬಲಿ ಕೊಟ್ಟು ಆಡಬಹುದು, 4 ಪೆಟ್ಟು. ಹೊಸಬರು ಇದನ್ನು ಆಟದ ನಡುವೆಯೇ ಆಡಿ ಲ್ಯಾಂಡ್ ಕಳೆದುಕೊಂಡು ಕೈಕಟ್ಟಿ ಕೂರುತ್ತಾರೆ. ಎದುರಾಳಿಯ ಪ್ರಾಣ 4ಕ್ಕೆ ಇಳಿಯುವವರೆಗೆ ಅದು ಕೈಯಲ್ಲೇ ಇರಲಿ.

18 ಲ್ಯಾಂಡ್ ಸಾಕಾಗುವುದು ಇಲ್ಲಿ ಬಹುತೇಕ ಎಲೆಗಳಿಗೆ ಒಂದೆರಡು ಮಾನಾ ಸಾಕು ಎಂಬ ಕಾರಣಕ್ಕೆ. ದುಬಾರಿ ಎಲೆಗಳಿರುವ ಡೆಕ್‌ಗೆ ಇದನ್ನೇ ಅನುಸರಿಸಿದರೆ ಕೆಡುತ್ತದೆ. ಲೆಕ್ಕ ನೋಡಿ: 60ರಲ್ಲಿ 24 ಲ್ಯಾಂಡ್ ಇದ್ದರೆ ಮೊದಲ 7ರಲ್ಲಿ ಒಂದೋ ಸೊನ್ನೆಯೋ ಲ್ಯಾಂಡ್ ಬರುವುದು ಏಳು ಆಟಗಳಿಗೊಮ್ಮೆ. 20ಕ್ಕೆ ಇಳಿಸಿದರೆ ನಾಲ್ಕು ಆಟಗಳಿಗೊಮ್ಮೆ. ಲ್ಯಾಂಡ್ ಬದಲು ಇನ್ನೆರಡು ಒಳ್ಳೆಯ ಎಲೆ ತುರುಕೋಣ ಎಂಬ ಆಸೆಯೇ ಮನೆಯಲ್ಲಿ ಕಟ್ಟಿದ ಅರ್ಧದಷ್ಟು ಡೆಕ್‌ಗಳನ್ನು ಹಾಳು ಮಾಡುವುದು.

ಒಂದೇ ಬಣ್ಣದ ಡೆಕ್ ಕಟ್ಟಿದರೆ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ, ಮ್ಯಾಜಿಕ್‌ನಲ್ಲಿ ಜೇಬಿಗೆ ಕತ್ತರಿ ಹಾಕುವುದು ಎರಡು ಬಣ್ಣ ಕೊಡುವ ಲ್ಯಾಂಡ್‌ಗಳು. ಬರ್ನ್ ಎದುರಿಗೆ ಕೂರಿಸಲು ಲ್ಯಾನೋವರ್ ಎಲ್ವ್ಸ್, ಟಿಂಬರ್‌ವಾಚ್ ಎಲ್ಫ್ ಇಟ್ಟುಕೊಂಡು ಹಸಿರು ಎಲ್ಫ್ ಡೆಕ್ ಒಂದನ್ನೂ ನೀವೇ ಕಟ್ಟಿ. ಎರಡೂ ಡೆಕ್ ನಿಮ್ಮವೇ ಆಗಿದ್ದರೆ ಬಂದ ಅತಿಥಿಯ ಕೈಗೆ ಒಂದನ್ನು ಕೊಟ್ಟು ಆಡಬಹುದು, ಸಮತೂಕವೂ ನಿಮ್ಮ ಕೈಯಲ್ಲೇ ಇರುತ್ತದೆ. ಪ್ರತಿ ನಾಲ್ಕು ಆಟಕ್ಕೊಮ್ಮೆ ಡೆಕ್ ಅದಲು ಬದಲು ಮಾಡಿಕೊಂಡರೆ ಯಾವುದು ಮೇಲಾಗಿದೆ ಎಂಬುದು ಬೇಗ ತಿಳಿಯುತ್ತದೆ. ಮೇಲಾದದ್ದರಿಂದ ಎರಡು ಎಲೆ ತೆಗೆದು ಸರಿಮಾಡಿ. ಹೊರಗೆ ಹೋಗಿ ಆಡುವವರು ಮಾತ್ರ ನಿಷೇಧಿತ ಎಲೆಗಳ ಪಟ್ಟಿಯನ್ನು ಕೊಳ್ಳುವ ಮೊದಲೇ ನೋಡಬೇಕು. ಕೆಂಪು ಡೆಕ್‌ಗಳ ಅಚ್ಚುಮೆಚ್ಚಿನ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ ಅನ್ನು 2023ರಲ್ಲಿ ಪಾಪರ್‌ನಿಂದ ಹೊರಗಿಟ್ಟರು, ಹಳೆಯ ಪಟ್ಟಿ ನೋಡಿ ಕೊಂಡವರಿಗೆ ಆ ನಾಲ್ಕು ಎಲೆ ದಂಡವಾದವು.

ಸಿಂಗಲ್ಸ್ ಕೊಳ್ಳುವಾಗ ಸಾಗಾಟದ ಖರ್ಚು ಎಲೆಗಳ ಬೆಲೆಯನ್ನೇ ಮೀರಿಸುತ್ತದೆ. ಇಡೀ ಪಟ್ಟಿ ಒಬ್ಬನೇ ಮಾರಾಟಗಾರನ ಬಳಿ ಸಿಗುವವರೆಗೆ ಕಾಯಿರಿ, ಒಂದೆರಡು ಎಲೆ ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ಎಲೆಯ ಸ್ಥಿತಿ ನಿಯರ್ ಮಿಂಟ್, ಅಂದರೆ ಬಹುತೇಕ ಹೊಸದರಂತೆ, ಆಗಿರಬೇಕಿಲ್ಲ. ಅಂಚು ಸ್ವಲ್ಪ ಸವೆದ, ಮಾರುವವರು ಲೈಟ್ಲಿ ಪ್ಲೇಯ್ಡ್, ಮಾಡರೇಟ್ಲಿ ಪ್ಲೇಯ್ಡ್ ಎಂದು ಬರೆಯುವ ಎಲೆಗಳು ಬೆನ್ನು ಕಾಣದ ಸ್ಲೀವ್‌ನೊಳಗೆ ಹೋದ ಮೇಲೆ ಹೊಸದರಂತೆಯೇ. ಮಡಿಕೆ ಬಿದ್ದದ್ದು ಮಾತ್ರ ಬೇಡ, ಸ್ಲೀವ್ ಒಳಗಿದ್ದರೂ ಕಲೆಸುವಾಗ ಬೆರಳಿಗೆ ತಿಳಿಯುತ್ತದೆ.

ಹೀಗೆ ಉಳಿದ ಕಾಮನ್‌ಗಳು ಮನೆಯಲ್ಲಿ ಕೊಳೆಯುವ ಬದಲು ಕ್ಯೂಬ್ ಆಗಲಿ. ಕ್ಯೂಬ್ ಎಂದರೆ ನೀವೇ ಆರಿಸಿಟ್ಟ, ಪ್ರತಿ ಎಲೆಯೂ ಒಂದೇ ಇರುವ ರಾಶಿ. ಎಷ್ಟು ಸಲ ಬೇಕಾದರೂ ಅದರಿಂದ ಡ್ರಾಫ್ಟ್ ಆಡಬಹುದು, ಮತ್ತೆ ದುಡ್ಡು ಹಾಕುವ ಪ್ರಶ್ನೆಯೇ ಇಲ್ಲ. ಇಬ್ಬರಿಗೆ 162 ಎಲೆ ಸಾಕು: ಐದು ಬಣ್ಣಕ್ಕೆ ತಲಾ 27, ಬಣ್ಣವಿಲ್ಲದ ಮತ್ತು ಎರಡು ಬಣ್ಣದ ಎಲೆಗಳು ಸೇರಿ 27. ಪ್ರತಿ ಬಣ್ಣದಲ್ಲಿ ಹದಿನೈದಾದರೂ ಜೀವಿಗಳ, ಅಂದರೆ ದಾಳಿಗೂ ತಡೆಗೂ ಬಳಸುವ, ಎಲೆಗಳಿರಲಿ, ಇಲ್ಲದಿದ್ದರೆ ಆಟ ಜಡ್ಡುಗಟ್ಟುತ್ತದೆ. ಆಡುವ ಕ್ರಮ ಹೀಗೆ. ರಾಶಿ ಕಲೆಸಿ ಮೇಲಿನ 9 ಎಲೆಗಳನ್ನು ಮೂರು ಮೂರರ ಚೌಕವಾಗಿ ಮುಖ ಮೇಲಾಗಿ ಹರಡಿ. ಮೊದಲನೆಯವರು ಒಂದು ಅಡ್ಡ ಸಾಲು ಇಲ್ಲವೇ ಒಂದು ಕಂಬಸಾಲು ಪೂರ್ತಿ ಎತ್ತಿಕೊಳ್ಳುತ್ತಾರೆ, 3 ಎಲೆ. ಎರಡನೆಯವರು ಉಳಿದದ್ದರಲ್ಲಿ ಒಂದು ಸಾಲು ಎತ್ತುತ್ತಾರೆ, ಮೊದಲ ಸಾಲನ್ನು ಅದು ದಾಟಿ ಹೋಗಿದ್ದರೆ 2 ಎಲೆ, ಇಲ್ಲದಿದ್ದರೆ 3. ಮಿಕ್ಕಿದ್ದು ಪಕ್ಕಕ್ಕೆ. ಮುಂದಿನ ಚೌಕಕ್ಕೆ ಮೊದಲ ಸರದಿ ಎರಡನೆಯವರದು. ಇಂಥ 18 ಚೌಕ ಮುಗಿದಾಗ ಇಬ್ಬರ ಬಳಿಯೂ ನಲವತ್ತರ ಮೇಲೆ ಎಲೆಗಳಿರುತ್ತವೆ. 23 ಆರಿಸಿ, 17 ಲ್ಯಾಂಡ್ ಸೇರಿಸಿ, 40ರ ಡೆಕ್. ಎಲ್ಲವೂ ಕಣ್ಣೆದುರೇ ನಡೆಯುವುದರಿಂದ ಎದುರಾಳಿಗೆ ಬೇಕಾದ ಎಲೆ ಕಸಿಯಬೇಕೋ ನಮಗೆ ಬೇಕಾದದ್ದು ಎತ್ತಬೇಕೋ ಎಂಬ ತಳಮಳದಲ್ಲೇ ಅರ್ಧ ಮಜಾ ಇದೆ. ಬೇಸಿಕ್ ಲ್ಯಾಂಡ್ ಪ್ರತಿ ಬಣ್ಣಕ್ಕೆ 16ರಿಂದ 20 ಬೇರೆ ಡಬ್ಬಿಯಲ್ಲಿಡಿ.

ಸ್ಲೀವ್, ಪ್ರಾಕ್ಸಿ

ಸ್ಲೀವ್‌ನ ಅಳತೆ ನೋಡದೆ ಕೊಳ್ಳುವುದು ಬಲು ಸಾಮಾನ್ಯ ತಪ್ಪು. ಮ್ಯಾಜಿಕ್, ಪೋಕೆಮಾನ್ ಎಲೆ 63×88 ಮಿ.ಮೀ., ಅದಕ್ಕೆ 66×91ರ ಸ್ಟ್ಯಾಂಡರ್ಡ್ ಸ್ಲೀವ್. ಯು-ಗಿ-ಓ ಎಲೆ 59×86, ಅದಕ್ಕೆ ಜಪಾನೀಸ್ ಅಳತೆಯ 62×89. ದೊಡ್ಡದರಲ್ಲಿ ಸಣ್ಣ ಎಲೆ ಜಾರಾಡುತ್ತದೆ, ಸಣ್ಣದರಲ್ಲಿ ದೊಡ್ಡ ಎಲೆ ತುರುಕಿದರೆ ಮೂಲೆ ಮುರಿಯುತ್ತದೆ. 60 ಎಲೆಗಳ ಡೆಕ್‌ಗೆ 50ರ ಪ್ಯಾಕ್ ಒಂದು ಸಾಲದು, ಎರಡನೆಯ ಪ್ಯಾಕ್ ತಿಂಗಳ ನಂತರ ಕೊಂಡರೆ ಅದೇ ಕಂಪನಿಯ ಅದೇ ಬಣ್ಣವೂ ಒಂದಿಷ್ಟು ಬೇರೆ ಕಾಣುತ್ತದೆ. ಹತ್ತು ಎಲೆ ಬೇರೆ ಬಣ್ಣದಲ್ಲಿದ್ದರೆ ಅದು ಗುರುತು ಹಾಕಿದ ಡೆಕ್ಕೇ. ಒಂದೇ ಸಲಕ್ಕೆ 100 ಕೊಳ್ಳಿ, ಹರಿದುಹೋದವಕ್ಕೆ ಬದಲಿ ಅದರಲ್ಲೇ ಆಗುತ್ತದೆ. ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ಎಂದು ಬರೆದಿರಲಿ. ಬಿಗಿನರ್ ಬಾಕ್ಸ್‌ನ 200 ಎಲೆಗಳಿಗೆ ಸ್ಲೀವ್ ಹಾಕಲು ಹೋಗಬೇಡಿ, ಒಗೆದ ಬಟ್ಟೆ ಹಾಸಿ ಒಣ ಕೈಯಲ್ಲಿ ಆಡಿದರೆ ವರ್ಷಗಟ್ಟಲೆ ಬರುತ್ತವೆ. ಸ್ಲೀವ್ ಬೇಕಾಗುವುದು ದಿನವೂ ಕಲೆಸುವ ಕ್ಯೂಬ್‌ಗೆ, ಪಾಪರ್ ಡೆಕ್‌ಗೆ. ರಬ್ಬರ್ ಬ್ಯಾಂಡ್ ಮಾತ್ರ ಯಾವತ್ತೂ ಹಾಕಬೇಡಿ, ಎರಡು ಬದಿಯ ಎಲೆಗಳ ಅಂಚಿನಲ್ಲಿ ಕಚ್ಚು ಬೀಳುತ್ತದೆ. ಫಾಯಿಲ್ ಎಲೆಗಳು ಬಾಗುವುದು ತೇವದಿಂದ: ಕಾಗದದ ಪದರ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳಪಿನ ಪದರ ಹಿಗ್ಗದು. ಕಡಿಮೆ ದುಡ್ಡಿನವರು ಫಾಯಿಲ್ ಬಿಟ್ಟು ಸಾದಾ ಪ್ರತಿಯನ್ನೇ ಕೊಳ್ಳುವುದು ಎರಡು ವಿಧದಲ್ಲೂ ಲಾಭ.

ದುಬಾರಿ ಎಲೆ ಬೇಕೇ ಬೇಕು ಎಂದಾದರೆ ಮನೆಯಾಟದಲ್ಲಿ ಪ್ರಾಕ್ಸಿ, ಅಂದರೆ ಅಸಲಿ ಎಲೆಯ ಬದಲು ನಾವೇ ಮುದ್ರಿಸಿಕೊಂಡ ಪ್ರತಿ, ಬಳಸಬಹುದು, ಮೇಜಿನಲ್ಲಿ ಕೂತ ಎಲ್ಲರೂ ಮೊದಲೇ ಒಪ್ಪಿದ್ದರೆ. ಸಾದಾ ಕಾಗದದಲ್ಲಿ ಮುದ್ರಿಸಿ ಕತ್ತರಿಸಿ, ಸ್ಲೀವ್‌ನೊಳಗೆ ಒಂದು ಬೇಸಿಕ್ ಲ್ಯಾಂಡ್‌ನ ಮುಂದೆ ಸೇರಿಸಿ. ಮುದ್ರಿಸುವಾಗ ಅಳತೆ 100% ಎಂದೇ ಇರಲಿ. ಪುಟಕ್ಕೆ ಹೊಂದಿಸು ಎಂಬ ಆಯ್ಕೆ ಒತ್ತಿದರೆ ಎಲೆ ಕುಗ್ಗಿ ಅಕ್ಷರ ಓದಲಾಗದು. ಪ್ರಾಕ್ಸಿ ಬೇರೆ, ಅಸಲಿ ಎಂದು ಮಾರುವ ನಕಲಿ ಬೇರೆ. ಅಧಿಕೃತ ಸ್ಪರ್ಧೆಯಲ್ಲಿ ಎರಡಕ್ಕೂ ಜಾಗವಿಲ್ಲ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದ ಮ್ಯಾಜಿಕ್ ಎಲೆ ಬಂದರೆ ಬೆನ್ನಿನ ಹಸಿರು ಚುಕ್ಕೆಯನ್ನು ಬಲವಾದ ಭೂತಗನ್ನಡಿಯಲ್ಲಿ ನೋಡಿ: ಅಸಲಿಯಲ್ಲಿ ಅದರೊಳಗೆ ಎಲ್ ಅಕ್ಷರದ ಆಕಾರದಲ್ಲಿ ನಾಲ್ಕು ಕೆಂಪು ಚುಕ್ಕೆಗಳು ಕಾಣುತ್ತವೆ. ಎಲೆ ಬಗ್ಗಿಸಿ ಪರೀಕ್ಷಿಸುವ ಹಳೆಯ ಪದ್ಧತಿ ಬೇಡ, ಅಸಲಿಯಾಗಿದ್ದರೆ ಅದೂ ಹಾಳಾಗುತ್ತದೆ.

ಇಷ್ಟೂ ಬೇಡ, ಮುದ್ರಣದ ಖರ್ಚಿನಲ್ಲೇ ಪೂರ್ತಿ ಆಟ ಬೇಕು ಎನ್ನುವವರು ನೆಟ್‌ರನ್ನರ್ ಎಂಬ ಇಬ್ಬರ ಕಾರ್ಡ್ ಗೇಮ್ ನೋಡಬಹುದು. 2018ರಲ್ಲಿ ಹಳೆಯ ಪ್ರಕಾಶಕರು ನಿಲ್ಲಿಸಿದ ಮೇಲೆ ಅಭಿಮಾನಿಗಳು ಕಟ್ಟಿದ ನಲ್ ಸಿಗ್ನಲ್ ಗೇಮ್ಸ್ ಅದನ್ನು ಮುಂದುವರಿಸಿದೆ, ಮನೆಯಲ್ಲೇ ಮುದ್ರಿಸಿಕೊಳ್ಳುವ ಕಡತಗಳನ್ನು ಉಚಿತವಾಗಿ ಕೊಡುತ್ತದೆ. ಇದರಲ್ಲಿ ಬೂಸ್ಟರ್ ಎಂಬುದೇ ಇಲ್ಲ, ಸೆಟ್‌ನ ಎಲ್ಲ ಎಲೆಗಳೂ ಎಲ್ಲರಿಗೂ ಒಂದೇ. ಇಬ್ಬರಲ್ಲಿ ಒಬ್ಬರು ಕಂಪನಿ, ಇನ್ನೊಬ್ಬರು ಅದಕ್ಕೆ ಕನ್ನ ಹಾಕುವ ಹ್ಯಾಕರ್. ಇಬ್ಬರ ನಿಯಮಗಳೂ ಬೇರೆ ಬೇರೆಯಾದ್ದರಿಂದ ಕಲಿಯಲು ಒಂದು ಸಂಜೆ ಹಿಡಿಯುತ್ತದೆ.

ಬಿಗಿನರ್ ಬಾಕ್ಸ್ ಕೊಂಡು, ಕಾಲಕ್ರಮೇಣ ಬೆಳೆಸುತ್ತಾ ಹೋಗುವ ಬಳಗಕ್ಕೆ ಒಂದು ಕ್ರಮ ಚೆನ್ನಾಗಿ ಒಗ್ಗುತ್ತದೆ. ಎಲ್ಲರೂ ಎರಡೆರಡು ಕಟ್ಟಿನಿಂದ ಶುರುಮಾಡಿ, ಪ್ರತಿ ತಿಂಗಳು ಎಲ್ಲರ ಪಾಲು ಸೇರಿಸಿ ಸುಮಾರು 20 ಕಾಮನ್ ಸಿಂಗಲ್ಸ್ ತರಿಸಿ ಮೇಜಿನ ಮೇಲೆ ಹರಡಿ. ಆ ತಿಂಗಳು ಹೆಚ್ಚು ಸೋತವರು ಮೊದಲು ಒಂದನ್ನು ಆರಿಸಿಕೊಳ್ಳಲಿ, ಆಮೇಲೆ ಅವರಿಗಿಂತ ಕಡಿಮೆ ಸೋತವರು, ಹೀಗೆ ಸುತ್ತು ಮುಗಿಯುವವರೆಗೆ. ಒಂದು ಎಲೆ ಸೇರಿಸಿದರೆ ಡೆಕ್‌ನಿಂದ ಒಂದನ್ನು ತೆಗೆಯಲೇಬೇಕು, 40 ದಾಟಬಾರದು. ತೆಗೆದ ಎಲೆಗಳೆಲ್ಲ ಕ್ಯೂಬ್‌ನ ಡಬ್ಬಿಗೆ ಹೋಗಲಿ.